ಕಂಪ್ಯೂಟರ್ ಎಲ್ಲಿವರೆಗೆ ಬಂದು ನಿಂತಿತು? ರಿಪೇರಿಯವರನ್ನು ಕರೆಯುವ ಮುಂಚೆ ಮನೆಯಲ್ಲೇ ನೋಡಬೇಕಾದ್ದು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಚಿಕ್ಕಮ್ಮ ಫೋನ್ ಮಾಡಿದರು. "ಕಂಪ್ಯೂಟರ್ ಸತ್ತೇ ಹೋಯ್ತು ಕಣೋ. ಅಂಗಡಿಯವರಿಗೆ ಫೋನ್ ಮಾಡಿದ್ರೆ ಮದರ್‌ಬೋರ್ಡ್ ಹೋಗಿರುತ್ತೆ, ತಗೊಂಡು ಬನ್ನಿ, ಆರು ಸಾವಿರ ಆಗಬಹುದು ಅಂತಾರೆ."

ಮದರ್‌ಬೋರ್ಡ್ ಅಂದರೆ ಒಳಗಿನ ಬಿಡಿಭಾಗಗಳನ್ನೆಲ್ಲ ಸಿಕ್ಕಿಸುವ ಮುಖ್ಯ ಹಲಗೆ. ಬಟನ್ ಒತ್ತಿದ ಮೇಲೆ ಎಲ್ಲಿವರೆಗೆ ಬರುತ್ತೆ ಅಂತ ಕೇಳಿದೆ.

"ಎಲ್ಲಿವರೆಗೆ ಅಂದ್ರೆ? ಏನೂ ಬರಲ್ಲ."

ಲೈಟ್ ಹತ್ತುತ್ತಾ? ಹತ್ತುತ್ತೆ. ಫ್ಯಾನ್ ಶಬ್ದ? ಅದೂ ಬರುತ್ತೆ. ಮಾನಿಟರ್? ಒಂದು ಕ್ಷಣ ಇಂಗ್ಲಿಷಲ್ಲಿ ಏನೋ ಬಂದು ಕಪ್ಪಾಗುತ್ತೆ. ಅದು 'ನೋ ಸಿಗ್ನಲ್', ಅಂದರೆ ಮಾನಿಟರಿಗೆ ಚಿತ್ರವೇ ಬರ್ತಿಲ್ಲ. ಕೀಬೋರ್ಡಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತುತ್ತಾ? ಇಲ್ಲ.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕರೆಂಟ್ ಒಳಗೆ ಬರ್ತಿದೆ, ಫ್ಯಾನ್ ತಿರುಗ್ತಿದೆ, ಆದರೆ ಕಂಪ್ಯೂಟರ್ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವ ಮೊದಲ ಹೆಜ್ಜೆಯಲ್ಲೇ ನಿಂತಿದೆ. ಮಲೆನಾಡಿನ ಮಳೆಯಲ್ಲಿ ಎರಡು ತಿಂಗಳು ಬಟ್ಟೆ ಒಣಗದ ಮನೆಯಲ್ಲಿ ಹೀಗಾದರೆ ನನ್ನ ಅನುಮಾನ ಮೊದಲು ಹೋಗುವುದು, ನಡೆಯುತ್ತಿರುವ ಕೆಲಸವನ್ನು ನೆನಪಿಟ್ಟುಕೊಳ್ಳುವ ಪಟ್ಟಿಯಾದ ರ‍್ಯಾಮ್ ಮೇಲೆ. ವಿಡಿಯೊ ಕಾಲ್ ಮಾಡಿ, ಪ್ಲಗ್ ಕೀಳಿಸಿ, ಪಕ್ಕದ ಬಾಗಿಲು ತೆಗೆಸಿ, ರ‍್ಯಾಮ್ ಹೊರಗೆ ತೆಗೆಸಿದೆ. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಸಾಲು ಹಲ್ಲುಗಳಿರುತ್ತವಲ್ಲ, ಅವು ಮಂಕಾಗಿ, ಹಳೇ ಹಿತ್ತಾಳೆ ಚೊಂಬಿನ ಬಣ್ಣಕ್ಕೆ ತಿರುಗಿದ್ದವು. ಮೊಮ್ಮಗಳ ಪೆನ್ಸಿಲ್ ಬಾಕ್ಸಿನಿಂದ ರಬ್ಬರ್ ತಂದು ಎರಡೂ ಕಡೆ ಹಗುರವಾಗಿ ಉಜ್ಜಿದರು. ಪುಡಿ ಕೊಡವಿದರು. ವಾಪಸ್ ಕೂರಿಸಿ ಎರಡು ತುದಿ ಒತ್ತಿದಾಗ ಕ್ಲಿಪ್ 'ಟಕ್' ಅಂದಿದ್ದು ನನಗೆ ಫೋನಲ್ಲೇ ಕೇಳಿಸಿತು. ಬಟನ್ ಒತ್ತಿದರು, ವಿಂಡೋಸ್ ಬಂತು. ಖರ್ಚು ಸೊನ್ನೆ.

ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. 'ಆನ್ ಆಗ್ತಿಲ್ಲ' ಅಂತ ಮಾತ್ರ ಹೇಳಿದರೆ ಫೋನಿನ ಆ ಕಡೆ ಇರುವವರು ಏನು ತಾನೇ ಊಹೆ ಮಾಡಬೇಕು? ಜ್ವರ ಅಂತ ಡಾಕ್ಟರ ಹತ್ತಿರ ಹೋದರೆ ಯಾವಾಗಿಂದ, ಚಳಿ ಇದೆಯಾ, ಏನು ತಿಂದಿದ್ರಿ ಅಂತ ಕೇಳುತ್ತಾರೆ. ಕಂಪ್ಯೂಟರಿಗೂ ಹಾಗೇ. ಅದು ಪ್ರತಿ ಸಲ ಒಂದೇ ದಾರಿಯಲ್ಲಿ ಬರುತ್ತದೆ. ಮೊದಲು ಗೋಡೆಯಿಂದ ಕರೆಂಟ್, ಆಮೇಲೆ ತನ್ನ ಪರೀಕ್ಷೆ, ಆಮೇಲೆ ಪರದೆ ಮೇಲೆ ಕಂಪನಿಯ ಹೆಸರು, ಆಮೇಲೆ ಡಿಸ್ಕ್ ಹುಡುಕಿ ವಿಂಡೋಸ್, ಕೊನೆಗೆ ನಿಮ್ಮ ಡೆಸ್ಕ್‌ಟಾಪ್, ನೆಟ್, ಪ್ರಿಂಟರ್. ಈ ದಾರಿಯಲ್ಲಿ ಎಲ್ಲಿ ನಿಂತಿತು ಅಂತ ಕಂಡುಹಿಡಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಆನ್ ಮಾಡಿ ನೋಡಿ. ನಾಲ್ಕು ಕೇಬಲ್ ಒಟ್ಟಿಗೆ ಕಿತ್ತು ಹಾಕಿದರೆ ಸರಿಯಾದರೂ ಯಾವುದರಿಂದ ಸರಿಯಾಯ್ತು ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಶುರು.

ಮೊದಲು ಗೋಡೆ, ಆಮೇಲೆ ಸಿಪಿಯು

ಬಟನ್ ಒತ್ತಿದರೆ ದೀಪವೂ ಇಲ್ಲ, ಫ್ಯಾನೂ ಇಲ್ಲ ಅಂದರೆ ಸಿಪಿಯು, ಅಂದರೆ ಕಂಪ್ಯೂಟರಿನ ಡಬ್ಬ, ಅದರ ಬಾಗಿಲು ತೆಗೆಯುವ ಕೆಲಸ ಇನ್ನೂ ಬಂದಿಲ್ಲ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಕರೆಂಟ್ ಇದ್ದರೆ ಎಕ್ಸ್‌ಟೆನ್ಶನ್ ಬಾಕ್ಸನ್ನೂ ಯುಪಿಎಸ್ಸನ್ನೂ ಬಿಟ್ಟು ಸಿಪಿಯು ವೈರನ್ನು ನೇರವಾಗಿ ಗೋಡೆಗೆ ಹಾಕಿ. ಸಿಪಿಯು ಹಿಂದೆ, ವೈರ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಗೆರೆ ಇರುವ ಕಡೆ ಒತ್ತಿದ್ದರೆ ಆನ್, ಸೊನ್ನೆ ಇರುವ ಕಡೆ ಒತ್ತಿದ್ದರೆ ಆಫ್. ಮನೆ ಗುಡಿಸುವಾಗ, ಮೇಜು ಸರಿಸುವಾಗ ಅದು ಆಫ್ ಆಗಿರೋದು ಎಷ್ಟೋ ಸಲ ನೋಡಿದ್ದೇನೆ. ಮಾನಿಟರಿನ ವೈರ್ ಮತ್ತು ಸಿಪಿಯು ವೈರ್ ಸಾಮಾನ್ಯವಾಗಿ ಒಂದೇ ತರದ್ದು, ಅದಲು ಬದಲು ಮಾಡಿ ನೋಡಿದರೆ ವೈರ್ ಹೋಗಿದೆಯಾ ಅನ್ನೋದೂ ಗೊತ್ತಾಗುತ್ತದೆ.

ಯುಪಿಎಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನಮ್ಮಲ್ಲಿ ಅರ್ಧ ದೂರುಗಳು ಅಲ್ಲಿಂದಲೇ ಹುಟ್ಟುತ್ತವೆ. ಮನೆಯಲ್ಲಿಡುವ ಚಿಕ್ಕ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಅದರ ಆಯಸ್ಸು ಎರಡು ಮೂರು ವರ್ಷ ಅಷ್ಟೇ. ಕರೆಂಟ್ ಹೋದ ತಕ್ಷಣ 'ಕೀಂ' ಅಂದು ಎಲ್ಲವೂ ಆಫ್ ಆದರೆ ಬ್ಯಾಟರಿ ಮುಗಿದಿದೆ ಅಂತ ಅರ್ಥ, ಇಡೀ ಯುಪಿಎಸ್ ಬದಲಿಸಬೇಕಾಗಿಲ್ಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಹಾಕಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಯುಪಿಎಸ್ ಟ್ರಿಪ್ ಆಗುತ್ತದೆ, ಬೈಗುಳ ಕಂಪ್ಯೂಟರಿಗೆ. ಇನ್ನು ಮನೆಗೆಲ್ಲ ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದಾಗ ಕಂಪ್ಯೂಟರ್ ಒಂದು ಸಲ ಆಫ್ ಆಗಿ ಮತ್ತೆ ಆನ್ ಆಗುತ್ತದೆ ಅಂತ ಹೇಳುವವರು ಇನ್ವರ್ಟರಿನ ಹಿಂಬದಿ ನೋಡಿ. ಬಹಳಷ್ಟು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬ್ಯಾಟರಿಗೆ ಬದಲಾಗುವ ಸಮಯ ಕಡಿಮೆಯಾಗುತ್ತದೆ, ಕಂಪ್ಯೂಟರಿಗೆ ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ.

ಸಿಪಿಯು ಡಬ್ಬ ಮುಟ್ಟಿದರೆ ಚುರ್ ಅನ್ನುತ್ತದೆ ಅಂತ ಬಹಳ ಜನ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿ ಕೊಡುವ ಎಸ್‌ಎಂಪಿಎಸ್ ಒಳಗೆ, ಲೈನ್ ಮತ್ತು ನ್ಯೂಟ್ರಲ್ ಎರಡರಿಂದಲೂ ಡಬ್ಬದ ಲೋಹಕ್ಕೆ ಕರೆಂಟನ್ನು ಸ್ವಲ್ಪ ಹಿಡಿದಿಡುವ ಒಂದೊಂದು ಸಣ್ಣ ಬಿಡಿಭಾಗ, ಕೆಪಾಸಿಟರ್, ಇರುತ್ತದೆ. ಅರ್ತಿಂಗ್ ಸರಿಯಿದ್ದರೆ ಅಲ್ಲಿಂದ ಸೋರುವ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧ ಆ ಡಬ್ಬದ ಮೇಲೆ ಕೂತಿರುತ್ತದೆ. ಟೆಸ್ಟರ್ ಹಿಡಿದರೆ ಮಂಕಾಗಿ ಉರಿಯುತ್ತದೆ. ಆ ಕರೆಂಟ್ ತುಂಬ ಕಡಿಮೆ, ಹಾಗಾಗಿ ಬರೀ ಚುರ್ ಅನ್ನುತ್ತದೆ. ಆದರೆ ನಾಳೆ ಒಳಗೆ ನಿಜವಾಗಿ ಶಾರ್ಟ್ ಆದರೆ ನಿಮ್ಮನ್ನು ಕಾಯಬೇಕಾದದ್ದು ಅದೇ ಅರ್ತಿಂಗ್, ಮತ್ತು ಅದು ನಿಮ್ಮ ಮನೆಯಲ್ಲಿ ಇಲ್ಲ. ಇದು ಕಂಪ್ಯೂಟರ್ ರಿಪೇರಿ ಕೆಲಸ ಅಲ್ಲ, ಎಲೆಕ್ಟ್ರಿಷಿಯನ್ ಕೆಲಸ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು, ಇಲ್ಲಾ ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ.

ನೇರವಾಗಿ ಗೋಡೆಗೆ ಹಾಕಿದರೂ, ಬೇರೆ ವೈರ್ ಹಾಕಿದರೂ ಸಿಪಿಯು ಸದ್ದಿಲ್ಲ ಅಂದರೆ ಎಸ್‌ಎಂಪಿಎಸ್ ಹೋಗಿರುವ ಸಾಧ್ಯತೆ ಜಾಸ್ತಿ. ಅದನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ಕರೆಂಟ್ ಉಳಿದಿರುತ್ತದೆ. ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಮುಂದಿನದು ರಿಪೇರಿಯವರದ್ದು. ಲ್ಯಾಪ್‌ಟಾಪ್ ಆದರೆ ಇನ್ನೊಂದು ಪ್ರಯತ್ನ ಉಂಟು. ಚಾರ್ಜರ್ ಕಿತ್ತು, ಬ್ಯಾಟರಿ ಕಳಚಲು ಬರುವುದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಬಿಡದೆ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ 'ಸತ್ತ' ಲ್ಯಾಪ್‌ಟಾಪುಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಫ್ಯಾನ್ ತಿರುಗುತ್ತೆ, ಪರದೆ ಕಪ್ಪು

ಚಿಕ್ಕಮ್ಮನ ಮನೆಯಲ್ಲಿ ಮಾಡಿದ ಕ್ಯಾಪ್ಸ್ ಲಾಕ್ ಪರೀಕ್ಷೆ ಇಲ್ಲಿ ಬಹಳ ಉಪಯೋಗ. ವೈರ್ ಇರುವ ಕೀಬೋರ್ಡಲ್ಲಿ ಆ ದೀಪ ಒತ್ತಿದಂತೆ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಜೀವಂತ ಇದೆ, ತೊಂದರೆ ಮಾನಿಟರ್ ಅಥವಾ ಕೇಬಲ್ಲಿನದ್ದು. ಕೇಬಲ್ಲನ್ನು ಎರಡೂ ತುದಿ ಕಿತ್ತು ಗಟ್ಟಿಯಾಗಿ ಹಾಕಿ. ಸಿಪಿಯು ಹಿಂದೆ ಮಾನಿಟರ್ ಕೇಬಲ್ ಹಾಕುವ ಜಾಗ ಎರಡು ಕಡೆ ಇದ್ದರೆ, ಅಂದರೆ ಮೇಲುಗಡೆ ಒಂದು, ಕೆಳಗೆ ಅಡ್ಡ ಪಟ್ಟಿಯಲ್ಲಿ ಇನ್ನೊಂದು ಇದ್ದರೆ, ನಿಮ್ಮಲ್ಲಿ ಪರದೆಗೆ ಚಿತ್ರ ಕಳಿಸುವ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆ ಅಂತ ಅರ್ಥ. ಕೇಬಲ್ ಕೆಳಗಿನದ್ದಕ್ಕೆ ಹಾಕಬೇಕು. ಮನೆ ಬದಲಿಸಿದ ಮೇಲೆ ಡಿಸ್ಪ್ಲೇ ಬರ್ತಿಲ್ಲ ಅಂದರೆ ಹತ್ತಕ್ಕೆ ಹತ್ತು ಸಲ ನಾನು ಮೊದಲು ಕೇಳುವುದು ಇದನ್ನೇ.

ಲ್ಯಾಪ್‌ಟಾಪ್ ಪರದೆ ಕಪ್ಪಾಗಿದ್ದರೆ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಓರೆಯಾಗಿ ಪರದೆಗೆ ಬಿಡಿ. ಮಸುಕಾಗಿ ಚಿತ್ರ ಕಾಣಿಸಿದರೆ ಪರದೆಯ ಹಿಂದಿನ ಬೆಳಕು ಹೋಗಿದೆ, ಕಂಪ್ಯೂಟರ್ ಚೆನ್ನಾಗಿಯೇ ಇದೆ. ಈ ಒಂದು ಮಾತನ್ನು ರಿಪೇರಿಯವರಿಗೆ ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ. ಕೆಲಸ ಮಾಡುತ್ತಿರುವಾಗಲೇ ಪರದೆ ಕಪ್ಪಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆಯ ಚಿತ್ರ ನಡೆಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್, ಮತ್ತೆ ಶುರುವಾಗುತ್ತದೆ, ತೆರೆದಿದ್ದ ಕೆಲಸ ಹಾಗೇ ಇರುತ್ತದೆ.

ಕ್ಯಾಪ್ಸ್ ಲಾಕ್ ದೀಪವೂ ಹತ್ತದಿದ್ದರೆ ರ‍್ಯಾಮ್. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಡಬ್ಬದ ಬಣ್ಣವಿಲ್ಲದ ಲೋಹವನ್ನು ಒಂದು ಸಲ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಹೋಗಲಿ. ರ‍್ಯಾಮಿನ ಎರಡು ತುದಿಯ ಕ್ಲಿಪ್ ಬಿಡಿಸಿ ನೇರವಾಗಿ ಮೇಲಕ್ಕೆ ಎತ್ತಿ, ಹಲ್ಲುಗಳಿಗೆ ಬೆರಳು ತಾಗಿಸಬೇಡಿ. ರಬ್ಬರಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ನೀರು, ವಿಭೂತಿ, ಸ್ಯಾಂಡ್ ಪೇಪರ್ ಯಾವುದೂ ಬೇಡ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಒಂದರಲ್ಲಿ ಆನ್ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಕಳ್ಳ ಸಿಕ್ಕಿದ. ಒಳಗೆ 'ಬೀಪ್' ಶಬ್ದ ಬರುತ್ತಿದ್ದರೆ ಉದ್ದ ಎಷ್ಟು, ಗಿಡ್ಡ ಎಷ್ಟು ಅಂತ ಎಣಿಸಿ ಬರೆದಿಡಿ. ಅದರ ಅರ್ಥ ಬೋರ್ಡಿನಿಂದ ಬೋರ್ಡಿಗೆ ಬೇರೆ, ಆದರೆ ರಿಪೇರಿಯವರಿಗೆ ಅದೇ ಸುಳಿವು.

ಬಾಗಿಲು ತೆಗೆದಿದ್ದೀರಲ್ಲ, ಹಾಗೇ ಧೂಳನ್ನೂ ನೋಡಿ. ಕಂಪ್ಯೂಟರ್ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ನಡೆದು ತಾನಾಗೇ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಆನ್ ಆಗುತ್ತದೆ ಅನ್ನುವುದು ಬಿಸಿಯ ಲಕ್ಷಣ. ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಅಂದರೆ ಪ್ರೊಸೆಸರ್, ತೀರಾ ಬಿಸಿಯಾದಾಗ, ಸುಮಾರು 100 ಡಿಗ್ರಿ ಹತ್ತಿರ ಬಂದಾಗ, ಸುಟ್ಟುಹೋಗದಿರಲಿ ಅಂತ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದರ ಮೇಲಿನ ಫ್ಯಾನಿನ ಅಡಿ ಅಲ್ಯೂಮಿನಿಯಂ ಪಟ್ಟಿಗಳ ಸಂದಿನಲ್ಲಿ ಹತ್ತಿಯ ಹಾಗೆ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಊದಿ, ಗಿರ್ರನೆ ತಿರುಗಲು ಬಿಡಬೇಡಿ.

ಇನ್ನೊಂದು ಚಿಕ್ಕ ವಿಷಯ. ಆನ್ ಮಾಡಿದಾಗೆಲ್ಲ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕಿನ ವೆಬ್‌ಸೈಟ್ ತೆರೆದರೆ 'ಸುರಕ್ಷಿತವಲ್ಲ' ಅಂತ ಎಚ್ಚರಿಕೆ ಬರುತ್ತದೆ. ಜನ ವೈರಸ್ ಅಂದುಕೊಂಡು ಹೆದರುತ್ತಾರೆ. ವೈರಸ್ ಅಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗಿರುವ ಸಿಆರ್ 2032 ಅನ್ನೋ 3 ವೋಲ್ಟಿನ ಬ್ಯಾಟರಿ ಮುಗಿದಿದೆ. ದಿನಾಂಕ ತಪ್ಪಾದರೆ ವೆಬ್‌ಸೈಟಿನ ಪ್ರಮಾಣಪತ್ರದ ತಾರೀಕಿಗೂ ಅದಕ್ಕೂ ತಾಳೆಯಾಗಲ್ಲ, ಅದಕ್ಕೇ ಆ ಎಚ್ಚರಿಕೆ. ವಾಚ್ ಅಂಗಡಿಯಲ್ಲೂ ಸಿಗುವ ಬ್ಯಾಟರಿ ಅದು, ನೂರು ರೂಪಾಯಿ ಒಳಗೇ ಮುಗಿಯುತ್ತದೆ.

ವಿಂಡೋಸ್ ಬಾಗಿಲಲ್ಲಿ ನಿಂತರೆ

ಕಂಪನಿಯ ಹೆಸರು ಬಂತು, ಆಮೇಲೆ ಕಪ್ಪು ಪರದೆ ಮೇಲೆ 'ನೋ ಬೂಟಬಲ್ ಡಿವೈಸ್', ಅಂದರೆ ವಿಂಡೋಸ್ ಇರುವ ಡಿಸ್ಕ್ ಸಿಗಲಿಲ್ಲ, ಅಂತ ಬಂದರೆ ಮೊದಲು ಪೆನ್ ಡ್ರೈವ್ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಇದ್ದರೆ ಕೀಳಿ. ಕಂಪ್ಯೂಟರ್ ವಿಂಡೋಸನ್ನು ಅದರಲ್ಲಿ ಹುಡುಕುತ್ತಿರಬಹುದು. ಇಲ್ಲದಿದ್ದರೆ ಒಳಗೆ ಹಾರ್ಡ್ ಡಿಸ್ಕಿಗೆ ಹೋಗುವ ಎರಡು ಕೇಬಲ್ಲುಗಳನ್ನು ಗಟ್ಟಿಯಾಗಿ ಒತ್ತಿ.

ಹಾರ್ಡ್ ಡಿಸ್ಕಿನಿಂದ 'ಟಿಕ್... ಟಿಕ್... ಟಿಕ್' ಅಂತ ಒಂದೇ ತಾಳದಲ್ಲಿ ಶಬ್ದ ಬರುತ್ತಿದ್ದರೆ ಅಲ್ಲಿಗೇ ಆಫ್ ಮಾಡಿ. ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನಬೇಡಿ. ಒಳಗೆ ಓದುವ ತಲೆ ದಾರಿ ತಪ್ಪಿ ತಡವರಿಸುತ್ತಿರುವ ಶಬ್ದ ಅದು. ಪ್ರತಿ ಸಲ ಆನ್ ಮಾಡಿದಾಗಲೂ ನಿಮ್ಮ ಫೋಟೊಗಳು ಸ್ವಲ್ಪ ಸ್ವಲ್ಪವೇ ಕೈಬಿಟ್ಟು ಹೋಗುತ್ತಿರಬಹುದು. ಮದುವೆ ಫೋಟೊ, ತೀರಿಹೋದವರ ದನಿ ಇಂಥದ್ದೇನಾದರೂ ಅದರಲ್ಲಿದ್ದರೆ ಸಾಮಾನ್ಯ ರಿಪೇರಿ ಅಂಗಡಿಗೂ ಕೊಡಬೇಡಿ, ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ನೀಲಿ ಪರದೆ ಬಂದರೆ ಗಾಬರಿಯಾಗುವ ಮುಂಚೆ ಮೊಬೈಲಲ್ಲಿ ಫೋಟೊ ತೆಗೆದುಕೊಳ್ಳಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಇರುವ ಕೋಡ್ ಬೇಕು. ನಿನ್ನೆ ಮೊನ್ನೆ ಏನು ಹೊಸದು ಹಾಕಿದಿರಿ ಅಂತ ನೆನಪು ಮಾಡಿಕೊಳ್ಳಿ, ಪ್ರಿಂಟರ್ ಡ್ರೈವರ್, ಹೊಸ ಆಂಟಿವೈರಸ್, ಅಪ್‌ಡೇಟ್ ಏನಾದರೂ. ನೀಲಿ ಪರದೆ ಅಂದರೆ ಒಳಗೆ ಏನೋ ಸುಟ್ಟಿದೆ ಅಂತ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರಿನ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಕೆಟ್ಟಿದ್ದು ಯಾವ ಬಿಡಿಭಾಗವೂ ಅಲ್ಲ. ತೀರಾ ಬೇಕಾದಷ್ಟರಿಂದಲೇ ವಿಂಡೋಸ್ ಶುರುವಾಗುವ ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದರೆ ಸರಿಯಾಗುತ್ತಿತ್ತು.

ಆ ಸೇಫ್ ಮೋಡ್ ನಿಮಗೂ ಸಿಗುತ್ತದೆ. ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಅದು ತಾನಾಗೇ ರಿಪೇರಿ ಪರದೆಗೆ ಹೋಗುತ್ತದೆ. ಸೇಫ್ ಮೋಡಿಗೆ ದಾರಿಯೂ ಅಲ್ಲಿಂದಲೇ. ಅಲ್ಲಿ ಸ್ಟಾರ್ಟಪ್ ರಿಪೇರ್ ಒಂದು ಸಲ ಮಾಡಿ. ಆಗಲಿಲ್ಲ ಅಂದರೆ ಸಿಸ್ಟಂ ರಿಸ್ಟೋರ್. ಅದು ನಿಮ್ಮ ಫೈಲುಗಳನ್ನು ಮುಟ್ಟದೆ, ಸೆಟ್ಟಿಂಗುಗಳನ್ನು ಮತ್ತು ಡ್ರೈವರುಗಳನ್ನು ಹಿಂದಿನ ದಿನಕ್ಕೆ ತೆಗೆದುಕೊಂಡು ಹೋಗುತ್ತದೆ. ಇಲ್ಲಿ ಕೆಲವರಿಗೆ ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತದೆ. ಹೆದರಬೇಡಿ, ಲ್ಯಾಪ್‌ಟಾಪ್ ತಂದ ದಿನ ಮೈಕ್ರೋಸಾಫ್ಟ್ ಖಾತೆ ಹಾಕಿ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಆ ಕೀ ಅದೇ ಖಾತೆಯಲ್ಲಿ ಇರುತ್ತದೆ, ಮೊಬೈಲಲ್ಲಿ ಲಾಗಿನ್ ಆಗಿ ನೋಡಬಹುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡೋದು ಒಳ್ಳೇದು.

ಬರುತ್ತೆ, ಆದರೆ ತುಂಬ ನಿಧಾನ

ದಿನಾ ಶಟ್‌ಡೌನ್ ಮಾಡ್ತೀವಲ್ಲ, ಆದರೂ ಯಾಕೆ ಹ್ಯಾಂಗ್ ಆಗುತ್ತೆ ಅಂತ ಕೇಳುತ್ತಾರೆ. ವಿಂಡೋಸ್ 8 ಬಂದಾಗಿನಿಂದ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಬೇಗ ಶುರುವಾಗಲಿ ಅಂತ ಅದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ನಿನ್ನೆಯ ಗೋಜಲು ಇವತ್ತೂ ಇರುತ್ತದೆ. ರಿಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರು. ಹಾಗಾಗಿ ಏನೇ ವಿಚಿತ್ರ ಕಂಡರೂ ಮೊದಲು ರಿಸ್ಟಾರ್ಟ್.

ಆಮೇಲೂ ನಿಧಾನ ಅಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಸಿಪಿಯು (ಇಲ್ಲಿ ಡಬ್ಬ ಅಲ್ಲ, ಪ್ರೊಸೆಸರ್), ಮೆಮೊರಿ, ಡಿಸ್ಕ್ ಮೂರರಲ್ಲಿ ಯಾವುದು ಶೇಕಡಾ 100ರ ಹತ್ತಿರ ಇದೆ? ಡಿಸ್ಕ್ ಯಾವಾಗಲೂ 100ರಲ್ಲಿದ್ದು, ಒಳಗಿರುವುದು ಹಳೇ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿಸಿದರೂ ಆರು ತಿಂಗಳಿಗೆ ಮತ್ತೆ ಅದೇ ಕಥೆ. ಅದನ್ನು ತೆಗೆದು, ಏನೂ ತಿರುಗದ, ಚಿಪ್ಪುಗಳ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿ. ನನ್ನ ಮಟ್ಟಿಗೆ ಹಳೇ ಕಂಪ್ಯೂಟರಿಗೆ ಮಾಡಬಹುದಾದ ಅತ್ಯಂತ ಒಳ್ಳೆಯ ಖರ್ಚು ಅದು. ಮೆಮೊರಿ ತುಂಬಿದ್ದರೆ ಸ್ಟಾರ್ಟಪ್ ಆ್ಯಪ್ಸ್ ಅನ್ನೋ ಕಡೆ ಹೋಗಿ ಬೇಡದ್ದನ್ನು ಡಿಸೇಬಲ್ ಮಾಡಿ. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದ್ದರೂ ಹ್ಯಾಂಗ್ ಆಗುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ಒಂದನ್ನು ಖಾಲಿ ಮಾಡಿದರೇ ಎಷ್ಟೋ ಜಾಗ ಸಿಗುತ್ತದೆ, ಒಂದೇ ಆಧಾರ್ ಪಿಡಿಎಫ್ ಹನ್ನೆರಡು ಸಲ ಇಳಿದಿರುತ್ತದೆ.

ವಿಂಡೋಸ್ ಫೈಲುಗಳೇ ಕೆಟ್ಟಿವೆ ಅನ್ನಿಸಿದರೆ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಹುಡುಕಿ, ಮೌಸಿನ ಬಲ ಬಟನ್ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್, ಸ್ಕ್ಯಾನ್‌ನೌ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಅದು ಕೆಟ್ಟ ಫೈಲುಗಳನ್ನು ತಾನೇ ಹುಡುಕಿ ಸರಿ ಮಾಡುತ್ತದೆ, ಸ್ವಲ್ಪ ತಾಳ್ಮೆ ಬೇಕು.

'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ' ಅಂತ ಪರದೆ ತುಂಬ ಕೆಂಪಾಗಿ ಬಂದು ಕೂಗಾಡಿದರೆ ಅದು ಕಂಪ್ಯೂಟರಿನ ದೋಷವೇ ಅಲ್ಲ, ಕಳ್ಳರ ಬಲೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಒತ್ತಿ ಹಿಡಿಯಿರಿ, ಆಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಯಾರೋ ಹೇಳಿದರು ಅಂತ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿ, ನಂಬರ್ ಓದಿ ಹೇಳಬೇಡಿ. ಅಪ್ಪ ಅಮ್ಮನಿಗೆ ಇದನ್ನು ಕೂರಿಸಿಕೊಂಡು ಹೇಳಿಕೊಡಿ, ದಯವಿಟ್ಟು. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನೆಟ್ ಇಲ್ಲ, ಟೈಪ್ ಆಗ್ತಿಲ್ಲ, ಪ್ರಿಂಟ್ ಬರ್ತಿಲ್ಲ

ನೆಟ್ ಇಲ್ಲ ಅಂದರೆ ಅದೇ ವೈಫೈಯಲ್ಲಿ ಮೊಬೈಲ್ ನಡೆಯುತ್ತಾ ನೋಡಿ. ಮೊಬೈಲಿಗೂ ಇಲ್ಲದಿದ್ದರೆ ಕಂಪ್ಯೂಟರ್ ಬಿಟ್ಟು ಮೋಡೆಮ್ ಹತ್ತಿರ ಹೋಗಿ. ಫೈಬರ್ ಮೋಡೆಮಿನಲ್ಲಿ ಎಲ್‌ಓಎಸ್ ಅನ್ನುವ ದೀಪ ಕೆಂಪಾಗಿ ಉರಿಯುತ್ತಿದ್ದರೆ ಬೆಳಕೇ ಮನೆವರೆಗೆ ಬರ್ತಿಲ್ಲ. ಫೈಬರ್ ಎಲ್ಲೋ ತುಂಡಾಗಿದೆ, ಇಲ್ಲಾ ಕಪಾಟಿನ ಹಿಂದೆ ಮಡಚಿಕೊಂಡಿದೆ. ಕೇಬಲಿನವರಿಗೆ ಫೋನ್ ಮಾಡಿ 'ಎಲ್‌ಓಎಸ್ ಕೆಂಪು' ಅಂತ ಎರಡೇ ಪದ ಹೇಳಿ, ಅವರಿಗೆ ಅರ್ಥವಾಗುತ್ತದೆ. ಕೆಂಪು ಇಲ್ಲದಿದ್ದರೆ ಮೋಡೆಮ್ ಅರ್ಧ ನಿಮಿಷ ಆಫ್ ಮಾಡಿ, ಆನ್ ಮಾಡಿ ಮೂರು ನಿಮಿಷ ಕಾಯಿರಿ. ಮಣ್ಣಿನ ಗೋಡೆಯ, ಜಂಬಿಟ್ಟಿಗೆ ಕಲ್ಲಿನ ಹಳೇ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಎರಡನೇ ಕೋಣೆಗೂ ದಾಟುವುದು ಕಷ್ಟ, 2.4ಕ್ಕೆ ಹಾಕಿಕೊಳ್ಳಿ.

ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಬಂದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಮೋಡೆಮಿನಿಂದ ಸಿಪಿಯುಗೆ ಬರುವ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ಗಾಜು, ಅದರಲ್ಲಿ ಮಿಂಚು ಬರಲ್ಲ. ಲ್ಯಾನ್ ಕೇಬಲ್ ತಾಮ್ರ, ಅದರಲ್ಲಿ ಬರುತ್ತದೆ.

ಇಂಗ್ಲಿಷ್ ಒತ್ತಿದರೆ ಕನ್ನಡ ಬರ್ತಿದೆ ಅಂದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ. ಗಡಿಯಾರದ ಪಕ್ಕ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ಅಥವಾ ಬರಹ ತೆರೆದಿದೆಯಾ ಅಂತಲೂ ನೋಡಿ. ಅಂಕಿ ಬರ್ತಿಲ್ಲ ಅಂದರೆ ನಂಬರ್ ಲಾಕ್. ಶಬ್ದ ಇಲ್ಲ ಅಂದರೆ ಸ್ಪೀಕರ್ ಗುರುತು ಒತ್ತಿ ಶಬ್ದ ಎಲ್ಲಿಗೆ ಹೋಗ್ತಿದೆ ನೋಡಿ, ಬಹಳ ಸಲ ಸ್ಪೀಕರ್ ಇಲ್ಲದ ಮಾನಿಟರಿಗೆ ಹೋಗ್ತಿರುತ್ತದೆ. ಪ್ರಿಂಟ್ ಸಾಲಿನಲ್ಲಿ ಸಿಕ್ಕಿಕೊಂಡಿದ್ದರೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ಹುಡುಕಿ ರಿಸ್ಟಾರ್ಟ್ ಕೊಡಿ.

ಫಾರ್ಮ್ಯಾಟ್ ಮಾಡೋಣ್ವಾ ಅಂತ ಕೇಳಿದರೆ

ಇಷ್ಟೆಲ್ಲ ನೋಡಿಯೂ ಅಂಗಡಿಗೆ ಹೋಗಲೇಬೇಕಾದರೆ ಹೋಗಿ. ಆದರೆ 'ಫಾರ್ಮ್ಯಾಟ್ ಮಾಡಿಬಿಡ್ಲಾ ಸರ್' ಅನ್ನೋ ಪ್ರಶ್ನೆಗೆ ತಲೆಯಾಡಿಸುವ ಮುಂಚೆ ನಿಲ್ಲಿ. ಫಾರ್ಮ್ಯಾಟ್ ಅಂದರೆ ಸಿ ಡ್ರೈವ್ ಪೂರ್ತಿ ಖಾಲಿ. ಡೆಸ್ಕ್‌ಟಾಪ್ ಮೇಲಿಟ್ಟ ಫೈಲುಗಳೂ ಸಿ ಡ್ರೈವಿನಲ್ಲೇ ಇರುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲವೂ ಅಲ್ಲೇ. ಮನೆಯಲ್ಲಿ ಟ್ಯಾಲಿ ಬಳಸುತ್ತಿದ್ದರೆ ಅದರ ಲೆಕ್ಕವೂ ಬಹುತೇಕ ಅಲ್ಲೇ. ನನಗೆ ಗೊತ್ತಿರುವ ಒಬ್ಬ ಅಡಿಕೆ ವ್ಯಾಪಾರಿಗಳು ಎರಡು ವರ್ಷದ ಲೆಕ್ಕ ಕಳೆದುಕೊಂಡಿದ್ದು ಹೀಗೇ. 'ಡಿ ಡ್ರೈವ್ ಮುಟ್ಟಿಲ್ಲ' ಅಂತ ಅಂಗಡಿಯವರು ಹೇಳಿದರು, ನಿಜವೇ, ಆದರೆ ಡಿ ಡ್ರೈವಿನಲ್ಲಿ ಏನೂ ಇರಲಿಲ್ಲ.

ವಿಂಡೋಸ್ ಬರ್ತಿಲ್ಲ, ಹೇಗೆ ಕಾಪಿ ಮಾಡೋದು ಅಂತೀರಾ? ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಹಾಕಿದ 8 ಜಿಬಿ ಪೆನ್ ಡ್ರೈವಿನಿಂದ ಶುರು ಮಾಡಿದರೆ, ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇಲ್ಲದಿದ್ದರೆ, ಏನೂ ಇನ್‌ಸ್ಟಾಲ್ ಮಾಡದೆ ನಿಮ್ಮ ಫೈಲುಗಳನ್ನು ನೋಡಿ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಬಹುದು. ನಿಮಗೆ ಬರದಿದ್ದರೆ ಅಂಗಡಿಯವರಿಗೇ ಹೇಳಿ. 'ಮೊದಲು ಡೇಟಾ ತೆಗೆದುಕೊಡಿ, ನಾನು ತೆರೆದು ನೋಡಿದ ಮೇಲೆ ಫಾರ್ಮ್ಯಾಟ್' ಅಂತ. ಒಳ್ಳೆ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದೆ, ಅದರಿಂದ 'ಇದು ಇನ್ನು ನಡೆಯಲ್ಲ, ಹೊಸದು ತಗೊಳ್ಳಿ' ಅನ್ನೋ ಮಾತೂ ಕೇಳುತ್ತದೆ. ಅವತ್ತಿನಿಂದ ಕಂಪ್ಯೂಟರ್ ನಿಂತುಹೋಗಿಲ್ಲ. ಭದ್ರತೆಯ ತೇಪೆಗಳು ಮಾಮೂಲಿಯಾಗಿ ಬರುವುದು ನಿಂತಿದೆ ಅಷ್ಟೇ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್ ಆದರೆ ಯೋಚಿಸಬೇಕಾದದ್ದೇ. ಆದರೆ ಇವತ್ತು ಆನ್ ಆಗದಿರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದ ಫೋಟೊ ಇಟ್ಟುಕೊಳ್ಳಿ, ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ. ಆನ್ ಆಗದಿದ್ದರೆ ಬಾಗಿಲು ತೆಗೆದು ರ‍್ಯಾಮಿನ ಸ್ಟಿಕರ್ ಫೋಟೊ. ಏನಾದರೂ ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ.

ವಾಪಸ್ ತರುವಾಗ ದುಡ್ಡು ಕೊಡುವ ಮುಂಚೆ ಅಲ್ಲೇ ಆನ್ ಮಾಡಿಸಿ, ಆ ಫೋಟೊ ಜೊತೆ ಹೋಲಿಸಿ. ನಿಮ್ಮ ಹಳೇ ಕನ್ನಡ ಫೈಲ್ ಒಂದನ್ನು ತೆರೆದು ನೋಡಿ. ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರಗಳು ಫಾರ್ಮ್ಯಾಟ್ ಆದ ಮೇಲೆ ತಲೆ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತವೆ. ಫೈಲ್ ಹಾಳಾಗಿದೆ ಅಂದುಕೊಂಡು ಅಳಿಸಿದವರಿದ್ದಾರೆ. ಹಾಳಾಗಿಲ್ಲ, ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲ ಅಷ್ಟೇ. ನುಡಿ ಮತ್ತೆ ಹಾಕಿಸಿ, ಅದೇ ಫೈಲ್ ತೆರೆಯಿರಿ, ಕನ್ನಡ ಮೊದಲಿನಂತೆ ಬಂತಾ ನೋಡಿಕೊಂಡು ಆಮೇಲೆ ಮನೆಗೆ ತನ್ನಿ.